ಘಟ್ಟದ ಮೇಲಣ ರಾಜಧಾನಿ: ಬಿದನೂರು ದರ್ಶನ

ಪ್ರವಾಸವೆಂಬುದು ಇಂದು ಮನೆಮನೆಯ ಪರಿಪಾಠವಾಗಿದೆ. ಮಕ್ಕಳಿಗೆ ರಜೆ ಬಂದೊಡನೆ ಮೈಸೂರಿನ ಅರಮನೆ, ಹಂಪೆಯ ಕಲ್ಲಿನ ತೇರು, ವಿಜಯಪುರದ ಗೋಳಗುಮ್ಮಟ ಇವುಗಳನ್ನು ತೋರಿಸಿಕೊಂಡು ಬರುವುದು ತಂದೆತಾಯಿಗಳ ಕರ್ತವ್ಯವೆಂಬಂತೆ ನಡೆದುಬಂದಿದೆ. ಸಂತೋಷದ ಸಂಗತಿಯೇ ಸರಿ. ಆದರೆ ಕರಾವಳಿಯ ನಮ್ಮ ಭಕ್ತ ಕುಟುಂಬಗಳು ತಮ್ಮ ಅಂಗಳದಿಂದ ಎರಡು ಗಂಟೆಯ ಹಾದಿಯಲ್ಲಿರುವ ರಾಜಧಾನಿಯೊಂದನ್ನು ಮರೆತಿವೆಯಲ್ಲ ಎಂಬ ಕೊರಗು ನಮ್ಮನ್ನು ಬಹುಕಾಲದಿಂದ ಕಾಡುತ್ತಿತ್ತು. ಅದು ಕೆಳದಿಯ ವೀರಶೈವ ಅರಸರ ಬಿದನೂರು. ಇಂದಿನ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಎಂಬ ಪುಟ್ಟ ಊರು. ಕೊಲ್ಲೂರಿಗೆ ವರ್ಷಕ್ಕೆ ನಾಲ್ಕು ಸಲ ಹೋಗಿಬರುವವರೂ ಅಲ್ಲಿಂದ ಘಟ್ಟ ಹತ್ತಿ ಈ ಊರನ್ನು ಕಂಡವರಲ್ಲ.

ಕಳೆದ ಮಾಗಿಯಲ್ಲಿ ಯಡ್ತರೆಯ ಭಕ್ತರೊಬ್ಬರ ಮನೆಗೆ, ಮೊಮ್ಮಗನ ಲಿಂಗದೀಕ್ಷೆಯ ನಿಮಿತ್ತ, ಬಿನ್ನಹವಾಗಿ ಹೋಗಿದ್ದೆವು. ಯಡ್ತರೆ ಬೈಂದೂರಿಗೆ ಅಂಟಿಕೊಂಡ ಊರು. ಪಡುವಣಕ್ಕೆ ಕಡಲಿನ ಮೊರೆತ, ಮೂಡಣಕ್ಕೆ ಘಟ್ಟದ ನೀಲಿಗೆರೆ. ಕರಾವಳಿಯಲ್ಲಿ ನಮ್ಮ ಸಮಾಜದ ಮನೆಗಳು ವಿರಳವಾದ್ದರಿಂದ ದೂರದೂರದ ಬಂಧುಗಳೆಲ್ಲ ಕೂಡಿದ್ದರು. ದೀಕ್ಷೆ ಸಾಂಗವಾಗಿ ನಡೆಯಿತು. ಆದರೆ ದಾಸೋಹದ ಪಂಕ್ತಿಯಲ್ಲಿ ಮನೆಯ ಅಣ್ಣ ಒಂದು ತುದಿಗೆ, ತಮ್ಮ ಇನ್ನೊಂದು ತುದಿಗೆ ಕುಳಿತಿದ್ದುದನ್ನು ನಾವು ಗಮನಿಸದೆ ಇರಲಿಲ್ಲ. ಸಂಜೆ ಮನೆಯ ಹಿರಿಯ ತಾಯಿ ಬಳಿಗೆ ಬಂದು, “ಅಯ್ಯನವರೇ, ತೋಟದ ಪಾಲು ಮಾಡಿದ ಮೇಲೆ ಇಬ್ಬರಿಗೂ ಮಾತಿಲ್ಲ. ಅಳತೆ ತಪ್ಪಿದೆ ಎಂದು ತಮ್ಮ, ಸರಿಯಾಗಿದೆ ಎಂದು ಅಣ್ಣ. ಒಂದು ಮಾತು ಹೇಳಿ” ಎಂದು ಕೈಮುಗಿದರು.

ಭೂಮಾಪನವಾಗಲಿ ನ್ಯಾಯಶಾಸ್ತ್ರವಾಗಲಿ ನಾವು ಬಲ್ಲವರಲ್ಲ. ಮರುದಿನ ಎಲ್ಲರೂ ಕೊಲ್ಲೂರಿಗೆ ಹೊರಡುವವರಿದ್ದರು. “ಕೊಲ್ಲೂರಿನಿಂದ ಮುಂದಕ್ಕೂ ಹೋಗೋಣ, ಅಣ್ಣತಮ್ಮಂದಿರಿಬ್ಬರೂ ಬರಲಿ” ಎಂದಷ್ಟೇ ಹೇಳಿದೆವು.

ಕೊಲ್ಲೂರಿನ ದಾರಿ

ಬೈಂದೂರಿನಿಂದ ಕೊಲ್ಲೂರು, ನಾಗೋಡಿ, ನಿಟ್ಟೂರುಗಳ ಮೂಲಕ ನಗರಕ್ಕೂ ಅಲ್ಲಿಂದ ಹೊಸನಗರಕ್ಕೂ ರಸ್ತೆ ಸಾಗುತ್ತದೆ. ಕೊಲ್ಲೂರಿನಲ್ಲಿ ಸೌಪರ್ಣಿಕೆಯ ತೀರ್ಥ ಪ್ರೋಕ್ಷಿಸಿಕೊಂಡು ಶ್ರೀ ಮೂಕಾಂಬಿಕೆಯ ದರ್ಶನ ಪಡೆದೆವು. ಈ ಕ್ಷೇತ್ರದ ಪ್ರಾಕಾರದಲ್ಲಿ ವೀರಭದ್ರನ ಗುಡಿಯಿರುವುದನ್ನು ಎಷ್ಟೋ ಜನ ಲಕ್ಷಿಸುವುದಿಲ್ಲ. ದೇವಾಲಯದ ಶಿಲಾಮಯ ಒಳಾವರಣವನ್ನು ಕಟ್ಟಿಸಿದವನು ಕೆಳದಿ ಅರಸರ ಕಡೆಯ ವೀರಸಂಗಯ್ಯನೆಂಬುದು ಸ್ಥಳದ ಪರಂಪರೆ. ಕೆಳದಿಯವರು ಕೊಲ್ಲೂರಿಗೆ ಸಲ್ಲಿಸಿದ ಸೇವೆಯನ್ನು ಕರಾವಳಿಯ ಜನ ಇಂದಿಗೂ ನೆನೆಯುತ್ತಾರೆ.

ಕೊಲ್ಲೂರು ದಾಟಿದೊಡನೆ ರಸ್ತೆ ಮೂಕಾಂಬಿಕಾ ವನ್ಯಧಾಮದ ದಟ್ಟಡವಿಯೊಳಗೆ ಹೊಗುತ್ತದೆ. ತಿರುವು ತಿರುವಿಗೆ ತಂಪು ಹೆಚ್ಚುತ್ತದೆ. ನಾಗೋಡಿಯ ಹೊತ್ತಿಗೆ ಕಡಲಸೀಮೆಯ ಸೆಕೆ ಮರೆತೇಹೋಗಿ, 1,343 ಮೀಟರ್ ಎತ್ತರದ ಕೊಡಚಾದ್ರಿ ಮಂಜಿನ ನಡುವೆ ಮುಖ ತೋರುತ್ತದೆ. ಕೆಳದಿಯವರ ಕಾಲದಲ್ಲಿ ಘಟ್ಟದ ಮೇಲಿನ ಮೆಣಸು ಎತ್ತುಗಳ ಬೆನ್ನೇರಿ ಇಂತಹ ಘಟ್ಟದ ದಾರಿಗಳಲ್ಲೇ ಇಳಿದು ಬಸರೂರು, ಗಂಗೊಳ್ಳಿ, ಮಂಗಳೂರುಗಳನ್ನು ಸೇರುತ್ತಿತ್ತು. ಕರಾವಳಿಯ ಅಕ್ಕಿ ಹಡಗು ಹತ್ತಿ ಗೋವೆ, ಮಸ್ಕತ್‌ಗಳಿಗೆ ಹೋಗುತ್ತಿತ್ತು. ಉಪ್ಪು ಘಟ್ಟ ಹತ್ತುತ್ತಿತ್ತು. ಕಡಲಿಗೂ ಮಲೆಗೂ ನಡುವೆ ಕುಳಿತು ಈ ವ್ಯಾಪಾರದ ದಾರಿಗಳನ್ನು ಕಾಯುತ್ತಿದ್ದುದೇ ಬಿದನೂರು.

ಬಿದಿರಿನ ಹಳ್ಳಿ ನಗರವಾದುದು

ಕೆಳದಿಯ ಅರಸರಿಗೆ ಒಂದರ ಹಿಂದೆ ಒಂದರಂತೆ ಮೂರು ರಾಜಧಾನಿಗಳು. ಹದಿನೈದನೆಯ ಶತಮಾನ ಮುಗಿಯುವ ವೇಳೆಗೆ ಚೌಡಪ್ಪನಾಯಕ ಕೆಳದಿಯಲ್ಲಿ ವಂಶದ ಬುನಾದಿ ಹಾಕಿದ. ಮುಂದೆ ಆಳ್ವಿಕೆ ಸಮೀಪದ ಇಕ್ಕೇರಿಗೆ ಸಾಗಿತು. 1637ರ ಸುಮಾರಿಗೆ ವಿಜಯಪುರದ ಸುಲ್ತಾನನ ಸೇನೆ ಇಕ್ಕೇರಿಯ ಮೇಲೆ ಬಿದ್ದು ಊರನ್ನು ಹಾಳುಗೆಡವಿದ್ದರಿಂದ, ವೀರಭದ್ರನಾಯಕನ ಕಾಲದಲ್ಲಿ, 1639–40ರ ಆಸುಪಾಸಿನಲ್ಲಿ, ರಾಜಧಾನಿ ಬಿದನೂರಿಗೆ ಬಂದಿತು. ಸುತ್ತಲೂ ಬೆಟ್ಟ, ಬೆಟ್ಟದ ತುಂಬ ಬಿದಿರು. ಬಿದರೂರು, ಬಿದನೂರು ಎಂಬ ಹೆಸರು ಬಂದುದೇ ಹಾಗೆ. ಸಂಸ್ಕೃತ ಕವಿಗಳು ಇದನ್ನೇ ವೇಣುಪುರವೆಂದರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಯ ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಅವರು ಈ ಪಟ್ಟಣದ ಗೋಡೆಯ ಸುತ್ತಳತೆ ಎಂಟು ಮೈಲಿಯಿತ್ತೆಂದೂ ಅದಕ್ಕೆ ಹತ್ತು ಬಾಗಿಲುಗಳಿದ್ದುವೆಂದೂ ದಾಖಲಿಸಿದ್ದಾರೆ. ಒಂದು ದಿಲ್ಲಿ ಬಾಗಿಲು, ಇನ್ನೊಂದು ಕವಲೇದುರ್ಗದ ಬಾಗಿಲು, ಮತ್ತೊಂದು ಕೊಡಿಯಾಲದ, ಅಂದರೆ ಮಂಗಳೂರಿನ, ಬಾಗಿಲು. ಮನೆಗಳ ಎಣಿಕೆ ಒಂದು ಲಕ್ಷಕ್ಕೆ ಸ್ವಲ್ಪವೇ ಕಡಿಮೆಯಿತ್ತೆಂಬುದು ಜನರ ಬಾಯಲ್ಲಿ ಉಳಿದ ಮಾತು. ಅದು ಅಭಿಮಾನದ ಅತಿಶಯವೆಂದೇ ಇಟ್ಟುಕೊಂಡರೂ ಊರು ಸಣ್ಣದಾಗಿರಲಿಲ್ಲವೆಂಬುದು ನಿಶ್ಚಯ. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ತನ್ನ ಹೆಸರಿನಿಂದ ಹೈದರ್‌ನಗರವೆಂದು ಕರೆದ. ಕಾಲಾಂತರದಲ್ಲಿ ಅವನ ಹೆಸರೂ ಉದುರಿ ‘ನಗರ’ ಮಾತ್ರ ಉಳಿಯಿತು. ತಾಲ್ಲೂಕು ಕಚೇರಿಯೂ ಇಲ್ಲಿಂದ ಕಲ್ಲೂರುಕಟ್ಟೆಗೆ ಹೋಗಿ, ಆ ಊರು ಹೊಸನಗರವೆನಿಸಿತು. ಹೆಸರಿನಲ್ಲಿ ನಗರವಾಗಿ, ನೋಟದಲ್ಲಿ ಹಳ್ಳಿಯಾಗಿ ಬಿದನೂರು ತನ್ನಷ್ಟಕ್ಕೆ ತಾನಿದೆ.

ಕೋಟೆಯೊಳಗೆ

ರಸ್ತೆಯ ಬದಿಗೇ ಕೆರೆ, ಕೆರೆಯ ಆಚೆಗೆ ಕೋಟೆ. ಹೆಬ್ಬಾಗಿಲಿನ ಎರಡೂ ಮಗ್ಗುಲಿಗೆ ದುಂಡಾದ ಕೊತ್ತಳಗಳು, ಮುಂದೆ ಕಂದಕ. ಶತ್ರುವು ನೇರವಾಗಿ ನುಗ್ಗದಂತೆ ದಾರಿ ಬಾಗಿ ಬಾಗಿ ಒಳಕ್ಕೆ ಸಾಗುತ್ತದೆ. ಒಳಗೆ ಕಾವಲಿನವರ ಕೋಣೆಗಳು, ಅಕ್ಕತಂಗಿಯರ ಕೊಳವೆಂದು ಕರೆಯುವ ಜೋಡಿ ಕೊಳಗಳು, ಮಲಗಿದ ತೋಪು, ದರ್ಬಾರು ನಡೆಯುತ್ತಿತ್ತೆನ್ನುವ ಜಾಗದ ಕಲ್ಲಿನ ಜಗಲಿ. ಕೊತ್ತಳವನ್ನೇರಿದರೆ ಕಣ್ಣು ಹಾಯುವವರೆಗೂ ಹಸುರು ಬೆಟ್ಟಗಳ ಸಾಲು.

ಹೊಸದಾಗಿ ಲಿಂಗ ಧರಿಸಿದ ಬಾಲಕ ಓಡಾಡಿ ಎಲ್ಲವನ್ನೂ ನೋಡಿ ಬಂದು, “ಅಜ್ಜಯ್ಯ, ಅರಮನೆ ಎಲ್ಲಿತ್ತ್?” ಎಂದು ಕೇಳಿದ. “ಇಲ್ಲೇ ಇತ್ತು ಮಗು, ಈ ಜಗಲಿಯ ಮೇಲೆ” ಎಂದೆವು. ಅವನಿಗೆ ಸಮಾಧಾನವಾಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ನಕ್ಕು, “ಅಯ್ಯನವರೇ, ಅವನು ಕೇಳುವುದು ಎಲ್ಲಿತ್ತು ಎಂದಲ್ಲ, ಎಲ್ಲಿದೆ ಎಂದು” ಎಂದರು. ಕುಂದಾಪುರ ಸೀಮೆಯ ಮಾತಿನಲ್ಲಿ ‘ಇತ್ತ್’ ಎಂದರೆ ಇದೆ ಎಂದೇ ಅರ್ಥ. ಬಯಲುಸೀಮೆಯ ನಮ್ಮ ಕಿವಿಗೆ ಅದು ಮುಗಿದುಹೋದ ಮಾತಾಗಿ ಕೇಳಿತು. ಮಗು ಕೇಳಿದ್ದು ಇಂದಿನ ಪ್ರಶ್ನೆಯನ್ನು.

ನಮಗೆ ನಮ್ಮ ವಿದ್ಯಾರ್ಥಿ ದೆಸೆ ನೆನಪಾಯಿತು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ವಿದ್ಯಾಗುರುಗಳು ನಮ್ಮಂಥ ಏಳೆಂಟು ಮಂದಿಯನ್ನು ಇದೇ ಹೆಬ್ಬಾಗಿಲಿಗೆ ತಂದು ನಿಲ್ಲಿಸಿ, “ಏನು ಕಾಣುತ್ತದೆ?” ಎಂದು ಕೇಳಿದ್ದರು. “ಕಲ್ಲು” ಎಂದಿದ್ದೆವು. “ಕಾಣದೆ ಇರುವುದನ್ನು ಓದಿಕೊಂಡು ಮತ್ತೆ ಬನ್ನಿ” ಎಂದು ಅವರು ಮುಂದೆ ನಡೆದುಬಿಟ್ಟಿದ್ದರು. ಐವತ್ತು ವರ್ಷಗಳ ಮೇಲೆ ಈಗ ಒಂದು ಮಗುವಿಗೆ ಉತ್ತರ ಹೇಳುವ ಸರದಿ ನಮ್ಮದಾಗಿತ್ತು. ದರ್ಬಾರಿನ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿ ಎರಡು ಕಥೆಗಳನ್ನು ಹೇಳಿದೆವು.

ಭೂಮಿಯನ್ನು ಅಳೆದ ಅರಸ

ಮೊದಲನೆಯದು ಶಿವಪ್ಪನಾಯಕನದು. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದ ಈ ಅರಸ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳ ಕೋಟೆಗಳನ್ನು 1652–54ರ ನಡುವೆ ಪೋರ್ತುಗೀಸರ ಕೈಯಿಂದ ಬಿಡಿಸಿದ ಶೂರ. ಕಾಸರಗೋಡಿನ ಬಳಿಯ ಬೇಕಲ ಕೋಟೆಯನ್ನು ಕಟ್ಟಿಸಿದವನೂ ಇವನೇ ಎಂಬ ಪ್ರತೀತಿಯಿದೆ. ಆದರೆ ರೈತರ ಮನೆಗಳಲ್ಲಿ ಇವನ ಹೆಸರು ಉಳಿದದ್ದು ಕತ್ತಿಯಿಂದಲ್ಲ, ‘ಶಿಸ್ತಿ’ನಿಂದ. ಶಿಸ್ತು ಎಂದರೆ ಇಲ್ಲಿ ಕಂದಾಯದ ನಿಷ್ಕರ್ಷೆ.

ಅದರ ಕ್ರಮವನ್ನು ಕೇಳಿದರೆ ಇಂದಿಗೂ ತಲೆದೂಗುವಂತಿದೆ. ಮಣ್ಣಿನ ಗುಣ ಮತ್ತು ನೀರಿನ ಅನುಕೂಲ ನೋಡಿ ಸಾಗುವಳಿಯ ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗಳಾಗಿ ವಿಂಗಡಿಸಿದರು. ಪ್ರತಿ ಗ್ರಾಮದಲ್ಲಿಯೂ ಒಂದೊಂದು ತರದ ಗದ್ದೆಯನ್ನು ಆರಿಸಿಕೊಂಡು, ಹನ್ನೆರಡು ವರ್ಷಗಳ ಕಾಲ, ಬಿತ್ತಿದ ಬೀಜ, ತಗುಲಿದ ಕೂಲಿ, ಬಂದ ಫಸಲು, ಅದರ ಬೆಲೆ ಇಷ್ಟಕ್ಕೂ ಲೆಕ್ಕವಿಟ್ಟರು. ಒಂದು ವರ್ಷ ಮಳೆ ಹೆಚ್ಚು, ಒಂದು ವರ್ಷ ಕಡಿಮೆ. ಹನ್ನೆರಡು ವರ್ಷಗಳ ಸರಾಸರಿ ತೆಗೆದರೆ ಯಾರಿಗೂ ಮೋಸವಿಲ್ಲ. ಆ ಸರಾಸರಿ ಫಸಲಿನ ಮೂರನೆಯ ಒಂದು ಪಾಲು ಅರಮನೆಗೆ, ಉಳಿದದ್ದು ಬೆಳೆದವನಿಗೆ. ಬಿತ್ತನೆಯ ಅಳತೆಗೆ ಖಂಡುಗವೇ ಆಧಾರ. ಅಡಕೆ ತೋಟಕ್ಕೆ ಮರಗಳ ಎಣಿಕೆಯ ಮೇಲೆ ದರ. ಒಂದೇ ತರದ ಭೂಮಿಗೂ ಊರಿಂದ ಊರಿಗೆ ದರ ಬೇರೆಯಾಗುತ್ತಿತ್ತು. ಅರಸೊತ್ತಿಗೆ ಅಳಿದು, ಹೈದರ್ ಬಂದು, ಟಿಪ್ಪು ಬಂದು, ಕೊನೆಗೆ ಇಂಗ್ಲಿಷರು ಬಂದ ಮೇಲೂ ಮಲೆನಾಡಿನಲ್ಲಿ ಕಂದಾಯದ ಮಾತು ಬಂದರೆ ‘ಶಿವಪ್ಪನಾಯಕನ ಶಿಸ್ತು’ ಎಂಬುದೇ ನ್ಯಾಯದ ಅಳತೆಗೋಲಾಗಿತ್ತು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿಯೂ ಇದನ್ನು ಕೇಳಿ ಬರೆದುಕೊಂಡ.

ಹನ್ನೆರಡು ವರ್ಷ ಕಾದು ಅಳೆದ ಅರಸನ ಕಥೆ ಮುಗಿದಾಗ ತೋಟದ ಅಣ್ಣ ದೂರದ ಬೆಟ್ಟವನ್ನು ನೋಡುತ್ತಿದ್ದರು. ತಮ್ಮ ಕಾಲ ಬಳಿಯ ಗರಿಕೆಯನ್ನು ಕೀಳುತ್ತಿದ್ದರು. ನಾವು ಆ ವಿಷಯವನ್ನು ಎತ್ತಲಿಲ್ಲ.

ಅಭಯವಿತ್ತ ತಾಯಿ

ಎರಡನೆಯದು ಚೆನ್ನಮ್ಮಾಜಿಯ ಕಥೆ. ಇದನ್ನು ಬಸರೂರಿನಿಂದ ಆರಂಭಿಸಬೇಕು. ಕುಂದಾಪುರದ ಸೆರಗಿನಲ್ಲಿರುವ ಬಸರೂರು ಅಂದು ಕೆಳದಿಯ ಭಾಗ್ಯದ ಬಾಗಿಲು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಹಡಗುಗಳ ಪಡೆಯೊಡನೆ ಸಮುದ್ರಮಾರ್ಗವಾಗಿ ಬಂದು ಈ ಪಟ್ಟಣದ ಮೇಲೆ ದಾಳಿ ಮಾಡಿ ಅಪಾರ ಸಂಪತ್ತನ್ನು ಒಯ್ದರು. ಬಿದನೂರಿಗೆ ಅದು ಮರೆಯಲಾಗದ ಪೆಟ್ಟು.

ಇದಾದ ಕೆಲವೇ ವರ್ಷಗಳಿಗೆ ಬಿದನೂರಿನಲ್ಲಿಯೂ ಕೆಟ್ಟ ದಿನಗಳು ಬಂದವು. ಸೋಮಶೇಖರನಾಯಕ ಕೊಲೆಗೀಡಾದ. 1671ರ ಸುಮಾರಿಗೆ ಅವನ ರಾಣಿ ಚೆನ್ನಮ್ಮ ರಾಜ್ಯದ ಹೊಣೆ ಹೊತ್ತು ಇಪ್ಪತ್ತೈದು ವರ್ಷಗಳ ಕಾಲ ಆಳಿದಳು. ಜಂಗಮರಿಗೆ ಮಠಗಳನ್ನು ಕಟ್ಟಿಸಿ ದಾಸೋಹಕ್ಕೆ ಉಂಬಳಿ ಬಿಟ್ಟ ಈ ಶಿವಭಕ್ತೆ, 1678ರ ಒಪ್ಪಂದದಂತೆ ಕ್ರೈಸ್ತರಿಗೆ ಕಲ್ಯಾಣಪುರ, ಹೊನ್ನಾವರ ಮೊದಲಾದೆಡೆ ಇಗರ್ಜಿ ಕಟ್ಟಿಕೊಳ್ಳಲು ಅನುಮತಿಯನ್ನೂ ಕೊಟ್ಟಳು. ಶೃಂಗೇರಿ ಪೀಠಕ್ಕೂ ಕೆಳದಿ ಅರಸರ ಆಶ್ರಯವಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ತನ್ನ ನಿಷ್ಠೆ ದೃಢವಾಗಿದ್ದವರಿಗೆ ಅನ್ಯರ ನಿಷ್ಠೆಯ ಭಯವಿರುವುದಿಲ್ಲ.

1689ರಲ್ಲಿ ಔರಂಗಜೇಬನು ಸಂಭಾಜಿಯನ್ನು ಕೊಲ್ಲಿಸಿದ. ಶಿವಾಜಿಯ ಕಿರಿಯ ಮಗ ರಾಜಾರಾಮ ಪ್ರಾಣ ಉಳಿಸಿಕೊಳ್ಳಲು ತಮಿಳುನಾಡಿನ ಜಿಂಜಿ ಕೋಟೆಯ ಕಡೆಗೆ ಓಡಬೇಕಾಯಿತು. ಆತನೂ ಆತನ ಸಂಗಡಿಗರೂ ಲಿಂಗಾಯತ ಯಾತ್ರಿಕರ ವೇಷ ತೊಟ್ಟು ಹೊರಟರೆಂದು ಚರಿತ್ರಕಾರರು ಬರೆದಿದ್ದಾರೆ. ದಾರಿಯಲ್ಲಿ ಬಿದನೂರಿನ ಸೀಮೆ. ದೊಡ್ಡ ದೊಡ್ಡ ಅರಸರೇ ಮೊಗಲ ಬಾದಶಹನಿಗೆ ಅಂಜಿ ಬಾಗಿಲು ಮುಚ್ಚಿದ್ದ ಕಾಲವದು. ಇಪ್ಪತ್ನಾಲ್ಕು ವರ್ಷಗಳ ಹಿಂದೆ ತನ್ನ ಬಂದರನ್ನು ಸೂರೆಗೈದವರ ಮಗ ಇವನೆಂಬುದು ರಾಣಿಗೆ ತಿಳಿಯದ ಸಂಗತಿಯಲ್ಲ. ಆದರೂ ಚೆನ್ನಮ್ಮ ಅಭಯವಿತ್ತು, ತನ್ನ ಗಡಿಯನ್ನು ಸುರಕ್ಷಿತವಾಗಿ ದಾಟಿಸಿದಳು. ಬಾದಶಹನ ಸೇನೆ ಕೆಳದಿಯ ಮೇಲೆ ಬಂದಿತು. ಮಲೆನಾಡಿನ ಮಳೆ, ಕಾಡು, ಕಣಿವೆಗಳನ್ನು ಬಳಸಿಕೊಂಡು ರಾಣಿಯ ಪಡೆ ಅದನ್ನು ಎದುರಿಸಿತು. ಕೊನೆಗೆ ಸಂಧಿಯಾಯಿತು; ರಾಜ್ಯ ಉಳಿಯಿತು. ಅಷ್ಟು ಹೊತ್ತಿಗೆ ರಾಜಾರಾಮ ಜಿಂಜಿಯನ್ನು ಸೇರಿಯಾಗಿತ್ತು.

ಈ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಸೆಳೆಯುವುದು ಯುದ್ಧದ ಮಾತಲ್ಲ. ಹಳೆಯ ಲೆಕ್ಕವನ್ನು ತೀರಿಸಿಕೊಳ್ಳಲು ಅವಕಾಶ ಕೈಗೆ ಬಂದ ದಿನ, ಬಾಗಿಲಿಗೆ ಬಂದವನನ್ನು ಅತಿಥಿಯೆಂದು ಕಂಡಳಲ್ಲ, ಅದು. ಮೈಮೇಲೆ ಲಿಂಗವಿರುವುದರ ಗುರುತು ಅಂತಹ ಗಳಿಗೆಯಲ್ಲಿ ಕಾಣಬೇಕು.

ಅರಮನೆ ಸುಟ್ಟದ್ದು ಹೇಗೆ

“ಹಾಗಾದರೆ ಅರಮನೆ ಏನಾಯಿತು?” ಎಂದು ಬಾಲಕ ಬಿಡದೆ ಕೇಳಿದ. ಇದಕ್ಕೆ ಉತ್ತರ ಹೇಳುವುದು ಹಿತವಲ್ಲ, ಆದರೂ ಹೇಳಬೇಕು. ಎರಡನೆಯ ಬಸವಪ್ಪನಾಯಕನ ತರುವಾಯ, 1755ರ ಮೇಲೆ, ದತ್ತಕದ ವಿಷಯದಲ್ಲಿ ಅರಮನೆಯ ಒಳಗೇ ಒಡಕು ಹುಟ್ಟಿತು. ದತ್ತುಮಗ ಚೆನ್ನಬಸಪ್ಪ ಮಡಿದ. ಕೊಲೆಯೆಂಬ ಅಪವಾದ ರಾಣಿ ವೀರಮ್ಮಾಜಿಯ ಮೇಲೆ ಬಂದಿತು. ಅದು ನಿಜವೋ ಶತ್ರುಗಳು ಹಬ್ಬಿಸಿದ್ದೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಸತ್ತವನು ನಾನೇ ಎಂದು ಹೇಳಿಕೊಂಡ ಒಬ್ಬನನ್ನು ಮುಂದಿಟ್ಟುಕೊಂಡು ಹೈದರಾಲಿ 1763ರಲ್ಲಿ ದಂಡೆತ್ತಿ ಬಂದ. ಎಂಟು ಮೈಲಿಯ ಗೋಡೆ, ಹತ್ತು ಬಾಗಿಲು, ಸುತ್ತಲ ಬಿದಿರುಮೆಳೆ ಯಾವುದೂ ತಡೆಯಲಾಗಲಿಲ್ಲ. ಗುಪ್ತಮಾರ್ಗವನ್ನು ತೋರಿಸಿದವನು ಸೆರೆಯಲ್ಲಿದ್ದ ಹಳೆಯ ಮಂತ್ರಿಯೇ ಎನ್ನುತ್ತಾರೆ. ರಾಣಿ ಅರಮನೆಗೆ ಬೆಂಕಿಯಿಡಿಸಿ ಬಲ್ಲಾಳರಾಯನದುರ್ಗಕ್ಕೆ ಹೋದಳು. ಅಲ್ಲಿಯೂ ಸೆರೆಯಾಗಿ ಮಧುಗಿರಿಯ ಕೋಟೆಯಲ್ಲಿ ಬಂದಿಯಾದಳು. 1767ರಲ್ಲಿ ಮರಾಠರು ಬಿಡಿಸಿ ಕರೆದೊಯ್ಯುವಾಗ ಪುಣೆಯ ದಾರಿಯಲ್ಲೇ ಲಿಂಗೈಕ್ಯಳಾದಳು. ಚೆನ್ನಮ್ಮ ಯಾರ ಮಗನಿಗೆ ಆಶ್ರಯ ಕೊಟ್ಟಿದ್ದಳೋ ಆ ಜನವೇ ಅವಳ ಮನೆತನದ ಕೊನೆಯ ರಾಣಿಯನ್ನು ಸೆರೆಯಿಂದ ಬಿಡಿಸಿತೆಂಬುದನ್ನು ಯೋಚಿಸಿದಾಗ ಕಣ್ಣು ತೇವವಾಗುತ್ತದೆ.

ಹೊರಗಿನಿಂದ ದಂಡು ಬರುವ ಮೊದಲೇ ಬಿದನೂರು ಒಳಗಿನಿಂದ ಬಿದ್ದಿತ್ತು. ಇಷ್ಟನ್ನು ಮಾತ್ರ ಹೇಳಿ ನಾವು ಮೇಲೆದ್ದೆವು.

ದೇವಗಂಗೆ ಮತ್ತು ಕೊಪ್ಪಲ ಮಠ

ನಗರದಿಂದ ಸ್ವಲ್ಪ ದೂರದ ಬಸವನಬ್ಯಾಣದಲ್ಲಿ ದೇವಗಂಗೆಯ ಕೊಳಗಳಿವೆ. ಬೆಟ್ಟದ ಸೆಲೆಯ ನೀರನ್ನು ಕಲ್ಲಿನ ಕಾಲುವೆಯಲ್ಲಿ ತಂದು ಒಂದರಿಂದ ಒಂದಕ್ಕೆ ಹರಿಯುವಂತೆ ಏಳು ಕೊಳಗಳನ್ನು ಕಟ್ಟಿದ್ದಾರೆ; ಒಂದೊಂದರದು ಒಂದೊಂದು ಆಕಾರ. ರಾಜಮನೆತನದವರ ಜಲವಿಹಾರಕ್ಕೆಂದು ಮಾಡಿದ ಸ್ಥಳವಿದು. ಬೆಂಕಿಗೆ ಅರಮನೆ ಹೋಯಿತು. ನೀರು ಮಾತ್ರ ಹರಿಯುತ್ತಲೇ ಇದೆ. ಹಿರಿಯ ತಾಯಿ ಕಾಲುವೆಯ ನೀರಿನಲ್ಲಿ ಕೈಕಾಲು ತೊಳೆದು, ಅಲ್ಲೇ ಕಲ್ಲಿನ ಮೇಲೆ ಕುಳಿತು, ಲಿಂಗಪೂಜೆ ಮಾಡಿಕೊಂಡರು. ಮೊಮ್ಮಗನೂ ಪಕ್ಕದಲ್ಲಿ ಕುಳಿತು ಹಿಂದಿನ ದಿನ ಕಲಿತಂತೆ ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಂಡ.

ಅಲ್ಲಿಂದ ಕೊಪ್ಪಲ ಮಠಕ್ಕೆ ಹೋದೆವು. ಕೆಳದಿ ಅರಸು ಮನೆತನದವರ ಗದ್ದುಗೆಗಳು ಇಲ್ಲಿವೆ. ಶಿವಪ್ಪನಾಯಕ, ಚೆನ್ನಮ್ಮಾಜಿಯರ ಗದ್ದುಗೆಗಳೆಂದು ಜನ ಭಕ್ತಿಯಿಂದ ತೋರಿಸುತ್ತಾರೆ. ಬಸರೂರಿನಿಂದ ಬೇಕಲದವರೆಗೆ ಹೆಸರು ನಡೆಸಿದವರ ವಿಶ್ರಾಂತಿಯ ಸ್ಥಳವೆಂದು ಹೇಳಿದರೆ ಹೊಸಬರು ನಂಬುವುದು ಕಷ್ಟ. ಅಷ್ಟು ಸರಳ, ಅಷ್ಟು ಮೌನ. ನಾವು ಹೋದಾಗ ಕಲ್ಲುಗಳ ಮೇಲೆ ಒಣಗಿದ ಎಲೆಗಳ ರಾಶಿ, ಸಂದಿಗಳಲ್ಲಿ ಕಳೆ. ಯಾರನ್ನು ದೂರುವುದು? ಜಾತ್ರೆ ಉತ್ಸವಗಳಿಗೆ ಸಾವಿರಗಟ್ಟಲೆ ಸೇರುವ ಸಮಾಜ ನಮ್ಮದು. ಇಲ್ಲಿಗೆ ಬಂದು ಒಂದು ಹೂವಿಡದೆ ಹೋದವರಲ್ಲಿ ನಾವೂ ಒಬ್ಬರು.

ಹಿರಿಯ ತಾಯಿ ಯಾರಿಗೂ ಏನೂ ಹೇಳಲಿಲ್ಲ. ಹತ್ತಿರದ ಮನೆಯಿಂದ ಹಿಡಿಸೂಡಿ ಕೇಳಿ ತಂದು ಗುಡಿಸಲು ತೊಡಗಿದರು. ಎಂಬತ್ತು ದಾಟಿದ ಜೀವ ಬಾಗಿ ಗುಡಿಸುವುದನ್ನು ನೋಡಲಾರದೆ ಚಿಕ್ಕ ಮಗ ಓಡಿಬಂದು ಹಿಡಿಸೂಡಿಯನ್ನು ಇಸಿದುಕೊಂಡ. ದೊಡ್ಡವನು ಎರಡು ಕೈಗಳಿಂದ ಎಲೆಗಳನ್ನು ಬಾಚಿ ಬಾಚಿ ಹೊರಗೆ ಹಾಕಿದ. ಅರ್ಧ ಗಂಟೆ ಇಬ್ಬರೂ ಮಾತಿಲ್ಲದೆ ದುಡಿದರು. ವಿಭೂತಿ ಧರಿಸಿ ಎಲ್ಲರೂ ನಮಸ್ಕರಿಸಿದ ಮೇಲೆ, ವಾಹನದ ಕಡೆಗೆ ನಡೆಯುತ್ತಿರುವಾಗ, ತಮ್ಮ ತಗ್ಗಿದ ದನಿಯಲ್ಲಿ “ಅಣ್ಣಯ್ಯ, ಇನ್ನೊಂದು ಸಲ ಅಳೆಸುವ” ಎಂದದ್ದು ನಮ್ಮ ಕಿವಿಗೆ ಬಿತ್ತು. “ಅಳೆಸುವ. ನೀನೂ ಎದುರಿಗಿರು” ಎಂದರು ಅಣ್ಣ. ಅಷ್ಟೇ ಮಾತು. ಅಳತೆ ಮುಂದೆ ಏನಾಗುವುದೋ ಬಲ್ಲವರಾರು? ಆದರೆ ವಾಪಸು ಬರುವಾಗ ಇಬ್ಬರೂ ಒಂದೇ ಆಸನದಲ್ಲಿ ಕುಳಿತಿದ್ದರು.

ಇಕ್ಕೇರಿ ಮತ್ತು ಕೆಳದಿ

ಇನ್ನೊಂದು ದಿನದ ಅವಕಾಶವುಳ್ಳವರು ಹೊಸನಗರದ ಮೂಲಕ ಸಾಗರಕ್ಕೆ ಹೋಗಿ ಹಿಂದಿನ ಎರಡು ರಾಜಧಾನಿಗಳನ್ನೂ ನೋಡಬೇಕು. ಸಾಗರದ ಒಂದು ಬದಿಗೆ ಇಕ್ಕೇರಿ, ಇನ್ನೊಂದು ಬದಿಗೆ ಕೆಳದಿ. ಎರಡೂ ಹತ್ತು ಕಿಲೋಮೀಟರಿನೊಳಗೆ. ಇಕ್ಕೇರಿಯ ಅಘೋರೇಶ್ವರ ದೇವಾಲಯ ಉತ್ತರಾಭಿಮುಖವಾದ ಭವ್ಯ ಶಿಲಾಮಂದಿರ. ಗರ್ಭಗುಡಿಯ ಬಹುಭಾಗವನ್ನು ತುಂಬಿರುವ ಪೀಠದ ಸುತ್ತ ಮೂವತ್ತೆರಡು ಶಕ್ತಿದೇವತೆಯರ ಮೂರ್ತಿಗಳಿವೆ. ಒಳಗೆ ನಡೆಯುವಾಗ ನೆಲವನ್ನು ನೋಡಿಕೊಂಡು ನಡೆಯಬೇಕು. ಮೂವರು ಕೆಳದಿ ನಾಯಕರು ದೇವರಿಗೆ ಅಡ್ಡಬಿದ್ದಿರುವ ರೂಪಗಳನ್ನು ಹೆಸರು ಸಹಿತ ನೆಲದ ಕಲ್ಲಿನಲ್ಲೇ ಕೆತ್ತಿದ್ದಾರೆ. ಭಕ್ತರು ನಡೆದಾಡುವ ದಾರಿಯಲ್ಲಿ ಅರಸರ ಪ್ರತಿಮೆ! ರಾಜಧಾನಿ ಇಲ್ಲಿಂದ ಹೋದ ಮೇಲೂ ಕೆಳದಿಯ ನಾಣ್ಯಗಳು ಇಕ್ಕೇರಿ ವರಹ, ಇಕ್ಕೇರಿ ಹಣವೆಂದೇ ಚಲಾವಣೆಯಲ್ಲಿದ್ದುವು.

1623ರಲ್ಲಿ ಪಿಯೆತ್ರೊ ದೆಲ್ಲ ವಾಲೆ ಎಂಬ ಇಟಲಿಯ ಯಾತ್ರಿಕ ವೆಂಕಟಪ್ಪನಾಯಕನ ಕಾಲದ ಇಕ್ಕೇರಿಗೆ ಬಂದಿದ್ದ. ಘಟ್ಟ ಹತ್ತುವ ದಾರಿಯಲ್ಲಿ ಗುಡಿಯೊಂದರ ಜಗಲಿಯ ಮೇಲೆ ಹುಡುಗರು ಮರಳು ಹರಡಿ, ಬೆರಳಿನಿಂದ ಬರೆದು, ಒಟ್ಟಿಗೆ ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಅರಸನ ಶಿಸ್ತಿನ ಲೆಕ್ಕ ಬರೆಯುವ ಕೈಗಳು ತಯಾರಾದದ್ದು ಇಂತಹ ಮರಳಿನ ಮೇಲೆಯೇ ಅಲ್ಲವೆ?

ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ ದೇವಾಲಯಗಳಿವೆ. ವೀರಭದ್ರನ ಗುಡಿಯ ಮೇಲ್ಛಾವಣಿಯಲ್ಲಿರುವ ಗಂಡಭೇರುಂಡದ ಶಿಲ್ಪವನ್ನು ಮಕ್ಕಳಿಗೆ ತೋರಿಸಬೇಕು. ಇದೇ ಊರಿನ ವಿದ್ವಾಂಸರಾದ ದಿವಂಗತ ಕೆಳದಿ ಗುಂಡಾಜೋಯಿಸರು ಮನೆಮನೆ ಅಲೆದು ತಾಳೆಗರಿ, ಕಡತ, ನಾಣ್ಯಗಳನ್ನು ಕೂಡಿಹಾಕಿ ಕಟ್ಟಿದ ವಸ್ತುಸಂಗ್ರಹಾಲಯವೂ ಇಲ್ಲಿದೆ. 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ ಬಸವಭೂಪಾಲ ಚೆನ್ನಮ್ಮಾಜಿಯ ದತ್ತುಪುತ್ರನೇ.

ಕೆಳದಿಯ ಅರಸರ ಬಿರುದುಗಳಲ್ಲಿ ‘ಎಡವ ಮುರಾರಿ’ ಎಂಬುದೊಂದು. ವಂಶದ ಏಳಿಗೆಗಾಗಿ ಪ್ರಾಣ ಕೊಟ್ಟ ಇಬ್ಬರು ಆಳುಗಳ ಹೆಸರದು ಎಂದು ಐತಿಹ್ಯ ಹೇಳುತ್ತದೆ. ಜಗತ್ತಿನಲ್ಲಿ ಅರಸರ ಹೆಸರನ್ನು ಆಳುಗಳು ಹೊತ್ತುದುಂಟು. ಆಳುಗಳ ಹೆಸರನ್ನು ಅರಸರು ತಲೆತಲಾಂತರ ಹೊತ್ತದ್ದು ವಿರಳ.

ಹೋಗುವವರಿಗೆ ಕಿವಿಮಾತು

ಮಳೆಗಾಲದಲ್ಲಿ ಈ ಸೀಮೆಯಲ್ಲಿ ಮಳೆ ವಿಪರೀತ. ಕಾರ್ತಿಕದಿಂದ ಮಾಘದವರೆಗಿನ ಕಾಲ ಪ್ರಶಸ್ತ. ಬೆಳಿಗ್ಗೆ ಬೇಗ ಯಡ್ತರೆ ಬಿಟ್ಟರೆ ಕೊಲ್ಲೂರು, ನಗರದ ಕೋಟೆ, ದೇವಗಂಗೆ, ಕೊಪ್ಪಲ ಮಠಗಳನ್ನು ನೋಡಿ ರಾತ್ರಿಯೊಳಗೆ ಮನೆ ಸೇರಬಹುದು. ಎರಡು ದಿನದ ಯಾತ್ರೆಯಾದರೆ ಸಾಗರದಿಂದ ಹಿಂದಿರುಗುವಾಗ ಸಿಗಂದೂರಿನ ದಾರಿ ಹಿಡಿಯಬಹುದು. ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕಾಗಿದ್ದ ಅಲ್ಲಿ 2025ರ ಜುಲೈಯಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ತೆರೆದಿರುವುದರಿಂದ ಕೊಲ್ಲೂರಿಗೆ ದಾರಿ ಹತ್ತಿರವಾಗಿದೆ. ನಗರದ ಕೋಟೆ, ದೇವಗಂಗೆ, ಅಘೋರೇಶ್ವರ ಮತ್ತು ಕೆಳದಿಯ ದೇವಾಲಯಗಳು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಶಿಲ್ಪಗಳಿಗೆ ಎಣ್ಣೆ ಕುಂಕುಮ ಬಳಿಯುವುದು, ಗೋಡೆಯ ಮೇಲೆ ಹೆಸರು ಕೆತ್ತುವುದು, ಬುತ್ತಿಯ ಎಲೆ ಕಾಗದಗಳನ್ನು ಕೊಳಕ್ಕೆ ಎಸೆಯುವುದು ಭಕ್ತಿಯೂ ಅಲ್ಲ, ಸಭ್ಯತೆಯೂ ಅಲ್ಲ. ಕೊಪ್ಪಲ ಮಠಕ್ಕೆ ಹೋಗುವವರು ಒಂದು ಹಿಡಿಸೂಡಿಯನ್ನೂ ಜೊತೆಗೆ ಒಯ್ಯಲಿ.

ಕೊನೆಯದಾಗಿ ಒಂದು ಮಾತು. ಇದು ನಮ್ಮವರು ಆಳಿದ ನಾಡೆಂದು ಎದೆಯುಬ್ಬಿಸಲು ಮಾತ್ರ ಅಲ್ಲಿಗೆ ಹೋಗುವುದಾದರೆ ಹೋಗದಿದ್ದರೂ ನಷ್ಟವಿಲ್ಲ. ಗೋಡೆಗಳಿಂದಲೇ ಹೆಮ್ಮೆಪಡುವವರಿಗೆ ಅಲ್ಲಿ ಗೋಡೆಗಳೂ ಹೆಚ್ಚಿಲ್ಲ. ಸಮನಾಗಿ ಅಳೆಯುವ ಕೈ, ಹಗೆಯವರ ಮಗನಿಗೂ ತೆರೆಯುವ ಬಾಗಿಲು, ಒಡೆಯದ ಮನೆ ಇವು ಇರುವಲ್ಲಿ ಬಿದನೂರು ಇನ್ನೂ ಇದೆ. ಯಡ್ತರೆಗೆ ಮರಳಿ ಇಳಿಯುವಾಗ ತೊಡೆಯ ಮೇಲೆ ನಿದ್ದೆಗಿಳಿದಿದ್ದ ಬಾಲಕ ನಾಳೆ ಮತ್ತೆ ಅರಮನೆ ಎಲ್ಲಿತ್ತ್ ಎಂದು ಕೇಳಿದರೆ, ಇತ್ತು ಎಂದು ಹೇಳದೆ, ಅವನ ಮಾತಿನಲ್ಲೇ ‘ಇತ್ತ್’ ಎಂದು ಹೇಳಬೇಕೆಂದು ನಾವು ನಿಶ್ಚಯಿಸಿಕೊಂಡೆವು.